ಅವಳನ್ನ ಬಿಟ್ಟುಕೊಡೋಕೆ ನೀನ್ಯಾರು ಗುರು?

ಒಂದು ಸಿನಿಮಾದ ಕಥೆ ಹೇಳ್ತೀನಿ, ಹೆಸರು ನೀವು ಹೇಳಿ. ಇಬ್ಬರು ಗೆಳೆಯರು, ಜೀವಕ್ಕೆ ಜೀವ ಕೊಡೋ ಅಂಥವರು. ಒಬ್ಬಳು ಹುಡುಗಿ. ಇಬ್ಬರಿಗೂ ಅವಳ ಮೇಲೆ ಮನಸ್ಸು. ಒಂದು ದಿನ ಒಬ್ಬನಿಗೆ ಇನ್ನೊಬ್ಬನ ವಿಷಯ ಗೊತ್ತಾಗುತ್ತೆ. ಅವನು ರಾತ್ರಿಯಿಡೀ ಒಬ್ಬನೇ ಕೂತು ಕುಡೀತಾನೆ, ಮಳೆ ಬಂದರೆ ಅದರಲ್ಲೂ ನೆನೀತಾನೆ. ಬೆಳಗ್ಗೆ ನಗುನಗ್ತಾ ಬಂದು ಗೆಳೆಯನ ಭುಜ ತಟ್ಟಿ 'ಅವಳು ನಿನ್ನವಳು ಕಣೋ' ಅಂತಾನೆ. ಹಿನ್ನೆಲೆಯಲ್ಲಿ ಪಿಟೀಲು. ಮುಂದಿನ ಸಾಲಲ್ಲಿ ಶಿಳ್ಳೆ. ಬಾಲ್ಕನಿಯಲ್ಲಿ ಕರ್ಚೀಫು.

ಹೆಸರು ಹೊಳೀಲಿಲ್ಲ ಅಲ್ವಾ? ಹೊಳೆದರೂ ಒಂದಲ್ಲ, ಹತ್ತು ಹೆಸರು ಒಟ್ಟಿಗೆ ಹೊಳೆದಿರುತ್ತೆ. ಯಾಕಂದ್ರೆ ಇದು ಒಂದು ಸಿನಿಮಾ ಅಲ್ಲ, ಒಂದು ಅಚ್ಚು. 1964ರಲ್ಲಿ ರಾಜ್ ಕಪೂರ್ 'ಸಂಗಮ್' ಮಾಡಿದಾಗ ಗೋಪಾಲ ತಾನು ಪ್ರೀತಿಸಿದ, ತನ್ನನ್ನೂ ಪ್ರೀತಿಸಿದ ರಾಧಾಳನ್ನ ಗೆಳೆಯ ಸುಂದರನಿಗೆ ಬಿಟ್ಟುಕೊಟ್ಟ. 1991ರ 'ಸಾಜನ್'ನಲ್ಲಿ ಅಮನ್ ಮತ್ತು ಆಕಾಶ್ ಮಧ್ಯೆ ಇದೇ ವ್ಯವಹಾರ ನಡೀತು. 1998ರ 'ಕುಛ್ ಕುಛ್ ಹೋತಾ ಹೈ'ನಲ್ಲಿ ಮದುವೆ ಮಂಟಪದಲ್ಲೇ ವರ ತನ್ನ ವಧುವನ್ನ ಇನ್ನೊಬ್ಬನಿಗೆ ಒಪ್ಪಿಸಿದ. 2003ರ 'ಕಲ್ ಹೋ ನಾ ಹೋ'ನಲ್ಲಿ ಸಾಯ್ತಾ ಇರೋ ಹೀರೋ, ತನ್ನನ್ನ ಪ್ರೀತಿಸೋ ಹುಡುಗಿಗೆ ನನಗೆ ಆಗಲೇ ಮದುವೆ ಆಗಿದೆ ಅಂತ ಸುಳ್ಳು ಹೇಳಿ, ಅವಳ ಗೆಳೆಯನ ಜೊತೆ ಅವಳನ್ನ ಸೇರಿಸೋ ಪ್ಲಾನ್ ಹಾಕಿದ. ನಲವತ್ತು ವರ್ಷದಲ್ಲಿ ಬಟ್ಟೆ ಬದಲಾಯ್ತು, ಲೊಕೇಶನ್ನು ಊಟಿಯಿಂದ ನ್ಯೂಯಾರ್ಕಿಗೆ ಹೋಯ್ತು. ಒಂದೇ ಒಂದು ವಿಷಯ ಬದಲಾಗಲಿಲ್ಲ. 'ನಿನಗೆ ಯಾರು ಬೇಕಮ್ಮಾ?' ಅಂತ ಆ ಹುಡುಗಿಯನ್ನ ಕೂರಿಸಿ ಯಾರೂ ಕೇಳಲಿಲ್ಲ.

ನನ್ನ ತಕರಾರು ಇದೇ. ಈ ಬಿಟ್ಟುಕೊಡುವುದಕ್ಕೆ ನಾವು 'ತ್ಯಾಗ' ಅಂತ ದೊಡ್ಡ ಹೆಸರು ಕೊಟ್ಟಿದ್ದೀವಿ. ಸ್ವಾಮಿ, ತ್ಯಾಗ ಅಂದ್ರೆ ತನ್ನದನ್ನ ಬಿಡೋದು. ಅವಳು ಯಾವಾಗ ಇವನದಾಗಿದ್ದಳು? ರಾಜಾಜಿನಗರದಲ್ಲೋ ಬಸವೇಶ್ವರನಗರದಲ್ಲೋ ಮನೆ ಇರೋರಿಗೆ ಇದನ್ನ ವಿವರಿಸಬೇಕಾಗಿಲ್ಲ. ನಿಮ್ಮ ಹೆಸರಲ್ಲಿ ಖಾತಾ ಇಲ್ಲದ ಸೈಟನ್ನ ನೀವು ತಮ್ಮನಿಗೆ ದಾನಪತ್ರ ಮಾಡಿಕೊಟ್ಟರೆ ಅದಕ್ಕೆ ಔದಾರ್ಯ ಅನ್ನಲ್ಲ, ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಅದಕ್ಕೆ ಬೇರೆ ಹೆಸರಿದೆ, ಐಪಿಸಿಯಲ್ಲಿ ಸೆಕ್ಷನ್ನೂ ಇತ್ತು. ಆದರೆ ಅದೇ ಕೆಲಸವನ್ನ ತೆರೆ ಮೇಲೆ ಹೀರೋ ಒಬ್ಬ ಮನುಷ್ಯಜೀವಿಯ ವಿಷಯದಲ್ಲಿ ಮಾಡಿದರೆ ನಮಗೆ ಗಂಟಲು ಕಟ್ಟುತ್ತೆ. ಸೈಟಿಗಾದರೂ ಪೇಪರ್ ಕೇಳ್ತೀವಿ. ಇಲ್ಲಿ ಅದೂ ಇಲ್ಲ.

ಹಿಂದಿಯೋರು ಹಂಗೇ ಬಿಡಿ ಅಂತ ಕಾಲರ್ ಎತ್ತಬೇಡಿ. ನಮ್ಮ ಮನೆ ದೋಸೆಯೂ ತೂತೇ. ಈ ಅಚ್ಚಿನಲ್ಲಿ ನಾವು ಎಷ್ಟು ಎರಕ ಹೊಯ್ದಿದ್ದೀವಿ ಅಂದ್ರೆ, ಒಬ್ಬ ಒಳ್ಳೆಯ ನಟನಿಗೆ ಕನ್ನಡದ ಜನ 'ತ್ಯಾಗರಾಜ' ಅಂತಲೇ ಅಡ್ಡಹೆಸರಿಟ್ಟುಬಿಟ್ಟರು. ರಮೇಶ್ ಅರವಿಂದ್ ತೊಂಬತ್ತರ ದಶಕದಲ್ಲಿ ಬಿಟ್ಟುಕೊಟ್ಟ ಹುಡುಗಿಯರ ಲೆಕ್ಕ ಹಾಕಿದರೆ ಒಂದು ಬಿಎಂಟಿಸಿ ಬಸ್ ತುಂಬುತ್ತೆ ಅಂತ ನಮ್ಮ ಮನೆಯಲ್ಲಿ ಜೋಕು. ಅದು ಅವರ ತಪ್ಪಲ್ಲ, ಪಾಪ. ಬರೆದವರದ್ದು, ಮತ್ತೆ ಮತ್ತೆ ಟಿಕೆಟ್ ತಗೊಂಡ ನಮ್ಮದು. 1996ರ 'ನಮ್ಮೂರ ಮಂದಾರ ಹೂವೇ' ಇರಲಿ, ಸುನಿಲ್ ಕುಮಾರ್ ದೇಸಾಯಿ ಯಾಣದ ಬಂಡೆಗಳನ್ನ ತೋರಿಸಿದ ರೀತಿಗೆ, ಇಳಯರಾಜಾ ಸಂಗೀತಕ್ಕೆ ಇವತ್ತೂ ಕೈಮುಗೀತೀನಿ. ಆದರೆ ಇಬ್ಬರು ಗೆಳೆಯರು, ಒಬ್ಬಳು ಹುಡುಗಿ ಅನ್ನೋ ಲೆಕ್ಕ ಅಲ್ಲೂ ಅದೇ. 1997ರಲ್ಲಿ ಬಂದ ನಾಗತಿಹಳ್ಳಿ ಚಂದ್ರಶೇಖರ್ ಅವರ 'ಅಮೆರಿಕ ಅಮೆರಿಕ' ರಾಷ್ಟ್ರಪ್ರಶಸ್ತಿ ಪಡೆದ ಸಿನಿಮಾ. ಅದರಲ್ಲಿ ಸೂರ್ಯ, ಶಶಾಂಕ್, ಭೂಮಿಕಾ ಬಾಲ್ಯದ ಗೆಳೆಯರು. ಶಶಾಂಕ್ ಅಮೆರಿಕದಿಂದ ಬಂದು ಬಾಯಿಬಿಟ್ಟು ಕೇಳಿದ, ಭೂಮಿಕಾ ಒಪ್ಪಿದಳು. ಸೂರ್ಯ ಬಾಯಿ ಬಿಡಲಿಲ್ಲ. ನಾವು ಮಾತ್ರ ಥಿಯೇಟರಿನಿಂದ ಹೊರಗೆ ಬರ್ತಾ 'ಅಯ್ಯೋ ಸೂರ್ಯನಿಗೆ ಅನ್ಯಾಯ ಆಯ್ತು' ಅಂದ್ವಿ. ಏನು ಅನ್ಯಾಯ ಆಯ್ತು? ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಬರಲಿಲ್ಲ ಅಂತ ಅಳೋದು ಯಾವ ನ್ಯಾಯ?

ಇನ್ನು 'ಮುಂಗಾರು ಮಳೆ'. ಇದನ್ನ ಮುಟ್ಟಿದರೆ ಬೈಸಿಕೊಳ್ತೀನಿ ಅಂತ ಗೊತ್ತು. 2006ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾಗಿ, ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಮೀರಿ ಓಡಿ, ಕನ್ನಡ ಸಿನಿಮಾಕ್ಕೂ ಮಾಲ್‌ನಲ್ಲಿ ಜಾಗ ಇದೆ ಅಂತ ತೋರಿಸಿಕೊಟ್ಟ ಸಿನಿಮಾ ಅದು. ನಮ್ಮ ವಯಸ್ಸಿನೋರಿಗೆ ಅದರ ಮಳೆ ಇನ್ನೂ ಒಣಗಿಲ್ಲ. ಆದರೆ ಕಥೆ ನೆನಪು ಮಾಡಿಕೊಳ್ಳಿ. ನಂದಿನಿಗೆ ಗೌತಮ್ ಜೊತೆ ಮದುವೆ ಗೊತ್ತಾಗಿದೆ. ಪ್ರೀತಮ್ ಬರ್ತಾನೆ, ಬೆನ್ನು ಹತ್ತುತ್ತಾನೆ, ನಗಿಸ್ತಾನೆ. ಕೊನೆಗೆ ಅವಳಿಗೂ ಅವನ ಮೇಲೆ ಮನಸ್ಸಾಗುತ್ತೆ, ಬಾಯಿಬಿಟ್ಟು ಹೇಳ್ತಾಳೆ ಕೂಡ. ಆಗ ನಮ್ಮ ಹೀರೋ ಏನ್ಮಾಡ್ತಾನೆ? ಅವಳಪ್ಪನ ಮಾತು ಕೇಳಿ, ಹುಡುಗನ ಮುಖ ನೋಡಿ, ತಾನೇ ತೀರ್ಮಾನ ಮಾಡಿ ಗಾಡಿ ಹತ್ತುತ್ತಾನೆ. ನಾವು ದೇವದಾಸ ಅನ್ನೋ ಮೊಲ ಸತ್ತಿದ್ದಕ್ಕೆ ಅತ್ತೆವು. ಒಬ್ಬನ ಮೇಲೆ ಮನಸ್ಸಿಟ್ಟುಕೊಂಡು ಇನ್ನೊಬ್ಬನಿಗೆ ತಾಳಿ ಕಟ್ಟಿಸಿಕೊಂಡ ನಂದಿನಿ ಮಾರನೇ ದಿನ ಬೆಳಗ್ಗೆ ಏನಂತ ಎದ್ದಳು ಅಂತ ಯಾರಾದರೂ ಯೋಚಿಸಿದ್ವಾ? ಗೌತಮ್‌ನಾದರೂ ಏನು ಪಾಪ ಮಾಡಿದ್ದ? ಹೆಂಡತಿಯ ಮನಸ್ಸು ಎಲ್ಲಿದೆ ಅಂತ ಗೊತ್ತಿಲ್ಲದೆ ಸಂಸಾರ ಮಾಡೋ ಶಿಕ್ಷೆ ಅವನಿಗೆ ಯಾಕೆ? ಇಬ್ಬರ ಬದುಕಿನ ಬಗ್ಗೆ ಮೂರನೆಯವನು ತೀರ್ಪು ಬರೆದು, ತಾನೇ ಹುತಾತ್ಮನಾಗಿ ಹೊರಟುಹೋದ. ಇದನ್ನ ನಾವು ಪ್ರೀತಿಯ ಪರಾಕಾಷ್ಠೆ ಅಂತ ಹದಿನೈದಿಪ್ಪತ್ತು ವರ್ಷದಿಂದ ವಾಟ್ಸಾಪ್ ಸ್ಟೇಟಸ್ ಹಾಕ್ತಾ ಇದ್ದೀವಿ.

ಗಮನಿಸಿ ನೋಡಿ, ಈ ಜಾತಿಯ ಸಿನಿಮಾಗಳಲ್ಲಿ ಯಾರೂ ಯಾರ ಹತ್ತಿರವೂ ಮಾತಾಡಲ್ಲ. ಹಾಡ್ತಾರೆ, ಕುಡೀತಾರೆ, ಕಾಗದ ಬರೆದು ಹರಿದು ಹಾಕ್ತಾರೆ, ಡೈರಿ ಬಚ್ಚಿಡ್ತಾರೆ. ವಿಜಯನಗರದ ಯಾವುದಾದರೂ ದರ್ಶಿನಿ ಮುಂದೆ ಮೂರೂ ಜನ ನಿಂತು, ಒಂದು ಬೈಟೂ ಕಾಫಿ ಮತ್ತೊಂದು ಫುಲ್ ತಗೊಂಡು, ಹತ್ತು ನಿಮಿಷ ನೆಟ್ಟಗೆ ಮಾತಾಡಿದರೆ ಇಂಟರ್ವಲ್‌ಗೆ ಮುಂಚೆ ಸಿನಿಮಾ ಮುಗಿಯುತ್ತೆ. 'ನನಗೆ ನಿನ್ನ ಮೇಲೆ ಮನಸ್ಸಿದೆ.' 'ನನಗೆ ಇಲ್ಲಪ್ಪ, ಬೇಜಾರು ಮಾಡ್ಕೋಬೇಡ.' 'ಸ್ವಲ್ಪ ದಿನ ಮಾತಾಡಲ್ಲ ನಾನು, ಆಮೇಲೆ ಸರಿಹೋಗ್ತೀನಿ.' 'ಸರಿ.' ಅಷ್ಟೇ. ಬಿಲ್ಲು ಎಪ್ಪತ್ತು ರೂಪಾಯಿ. ಈ ನಾಲ್ಕು ಸಾಲು ಮಾತಾಡೋಕೆ ಧೈರ್ಯ ಇಲ್ಲದ್ದಕ್ಕೆ 'ಸಂಗಮ್'ನ ಗೋಪಾಲ ಪಿಸ್ತೂಲು ಎತ್ತಿಕೊಳ್ಳಬೇಕಾಯ್ತು.

ಮಾತಾಡಲ್ಲ ಯಾಕೆ ಅಂದ್ರೆ, ಈ ಸಿನಿಮಾಗಳ ನಿಜವಾದ ಜೋಡಿ ಹುಡುಗ-ಹುಡುಗಿ ಅಲ್ಲವೇ ಅಲ್ಲ. ಇಬ್ಬರು ಗಂಡಸರು. ಅವರ ದೋಸ್ತಿ ಎಷ್ಟು ದೊಡ್ಡದು ಅಂತ ಅಳೆಯೋಕೆ ಒಂದು ಬೆಲೆಬಾಳುವ ವಸ್ತು ಬೇಕು. ಹಳೇ ಕಾಲದಲ್ಲಿ ರಾಜರು ಸ್ನೇಹಕ್ಕೆ ಕುದುರೆ, ಆನೆ ಕಳಿಸೋರು. ಇಲ್ಲಿ ಹೀರೋಯಿನ್ ಕಳಿಸ್ತಾರೆ. 'ಮಗಾ, ನಿನಗೋಸ್ಕರ ಅವಳನ್ನೇ ಬಿಟ್ಟೆ' ಅನ್ನೋ ಡೈಲಾಗಿನಲ್ಲಿ ತೂಕ ಇರೋದು 'ಮಗಾ' ಅನ್ನೋ ಪದಕ್ಕೆ. 'ಅವಳು' ಬರೀ ತೂಕದ ಬಟ್ಟು. ಗೆಳೆತನದ ಪರೀಕ್ಷೆ ಅಂತ ಪೋಸ್ಟರ್ ಮೇಲೆ ಬರೆದಿರ್ತಾರೆ. ಪರೀಕ್ಷೆ ಬರೆಯೋರು ಇಬ್ಬರು, ಪ್ರಶ್ನೆಪತ್ರಿಕೆ ಅವಳು. ಪ್ರಶ್ನೆಪತ್ರಿಕೆಯ ಅಭಿಪ್ರಾಯ ಯಾವ ಯೂನಿವರ್ಸಿಟಿಯಲ್ಲೂ ಕೇಳಲ್ಲ ನೋಡಿ.

ಹಾಗಿದ್ರೆ ಹುಡುಗ ಹುಡುಗಿಯೇ ಗೆಳೆಯರಾದರೆ? ಅದಕ್ಕೆ ಹಿಂದಿ ಸಿನಿಮಾ 1989ರಲ್ಲೇ ಅಡ್ಡಗೋಡೆ ಕಟ್ಟಿಬಿಡ್ತು. 'ಮೈನೆ ಪ್ಯಾರ್ ಕಿಯಾ'ದಲ್ಲಿ ಖಳ ಪಾತ್ರವೊಂದು, ಹುಡುಗ ಹುಡುಗಿ ಬರೀ ಸ್ನೇಹಿತರಾಗಿರೋಕೆ ಸಾಧ್ಯವೇ ಇಲ್ಲ ಅಂತ ಹೇಳುತ್ತೆ. ತಮಾಷೆ ಏನಂದ್ರೆ, ಹೀರೋ ಹೀರೋಯಿನ್ ಇಬ್ಬರೂ ಆಮೇಲೆ ಪ್ರೀತಿಸಿ ಮದುವೆಯಾಗಿ ಆ ಖಳನ ಮಾತನ್ನೇ ನಿಜ ಮಾಡ್ತಾರೆ! ಒಂಬತ್ತು ವರ್ಷ ಆದ ಮೇಲೆ 'ಕುಛ್ ಕುಛ್ ಹೋತಾ ಹೈ' ಬಂತು. ಅದರಲ್ಲಿ ಪ್ರೀತಿ ಅಂದ್ರೆ ಸ್ನೇಹ ಅಂತ ಹೀರೋ ಕ್ಲಾಸಿನಲ್ಲಿ ನಿಂತು ಭಾಷಣ ಬಿಗಿದ. ಕೇಳೋಕೆ ಚೆಂದ. ಆದರೆ ಗಿಡ್ಡ ಕೂದಲು ಬಿಟ್ಟು, ಪ್ಯಾಂಟ್ ಹಾಕಿ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವನನ್ನ ಸೋಲಿಸ್ತಿದ್ದ ಅಂಜಲಿ ಬರೀ ಫ್ರೆಂಡು. ಅದೇ ಅಂಜಲಿ ಎಂಟು ವರ್ಷ ಬಿಟ್ಟು ಉದ್ದ ಜಡೆ, ಶಿಫಾನ್ ಸೀರೆಯಲ್ಲಿ ಬಂದಾಗ ಪ್ರೀತಿ. ಅಂದ್ರೆ ಸ್ನೇಹ ಅನ್ನೋದು ಹೆಣ್ಣು ಇನ್ನೂ 'ಹೆಣ್ಣಾಗದೇ' ಇದ್ದಾಗ ಸಿಗೋ ಕನ್ಸೆಷನ್ ಪಾಸು. ಸೀರೆ ಉಟ್ಟ ದಿನ ಅವಧಿ ಮುಗೀತು.

2016ರಲ್ಲಿ ಅದೇ ನಿರ್ದೇಶಕ ಕರಣ್ ಜೋಹರ್ 'ಎ ದಿಲ್ ಹೈ ಮುಷ್ಕಿಲ್' ಮಾಡಿದರು. ಈ ಸಲ ಅಲಿಜೆ ಅನ್ನೋ ಹುಡುಗಿ ಸ್ಪಷ್ಟವಾಗಿ ಹೇಳ್ತಾಳೆ, ನಿನ್ನ ಮೇಲೆ ನನಗಿರೋದು ಸ್ನೇಹ, ಅದು ಪ್ರೀತಿಗಿಂತ ಕಡಿಮೆಯೇನಲ್ಲ ಅಂತ. ಅಬ್ಬ, ಅಂತೂ ಒಬ್ಬಳ ಬಾಯಿಗೆ ಮಾತು ಬಂತು ಅಂತ ನಾವು ನೆಟ್ಟಗೆ ಕೂರೋ ಹೊತ್ತಿಗೆ ಕಥೆಗಾರರು ಅವಳಿಗೆ ಕ್ಯಾನ್ಸರ್ ಕೊಟ್ಟರು. ಅಷ್ಟಾದರೂ ಆ ಹುಡುಗ ಸುಮ್ಮನಿರದೆ, ಈಗಲಾದರೂ ಪ್ರೀತಿಸು ಅಂತ ಮತ್ತೆ ಮತ್ತೆ ಪೀಡಿಸ್ತಾನೆ. ಬೇಡ ಅಂದ ಹುಡುಗಿಗೆ ಕಾಯಿಲೆ, ಬೇಕು ಅಂದ ಹುಡುಗನಿಗೆ ಹಿಟ್ ಹಾಡು. ಈ ಸಿನಿಮಾಗಳ ತ್ರಿಕೋನಕ್ಕೆ ಮೂರು ಮೂಲೆ ಇದ್ದ ಹಾಗೆ ಒಂದು ಮೆಡಿಕಲ್ ರಿಪೋರ್ಟ್ ಕೂಡ ಇರಲೇಬೇಕು. ಮಾತಿನಿಂದ ಬಿಡಿಸೋಕೆ ಆಗದ ಗಂಟನ್ನ ಡಾಕ್ಟರ್ ಕೈಲಿ ಕತ್ತರಿಸ್ತಾರೆ.

ಇದೇ ನಮ್ಮ ಆಫೀಸ್ ಕ್ಯಾಂಟೀನಿಗೆ 'ಫ್ರೆಂಡ್‌ಝೋನ್' ಅನ್ನೋ ಪದವಾಗಿ ಬಂದು ಕೂತಿದೆ. 'ಪಾಪ, ಅವಳು ಅವನನ್ನ ಫ್ರೆಂಡ್‌ಝೋನ್ ಮಾಡಿಬಿಟ್ಟಳು.' ಹೇಳೋ ಧಾಟಿ ನೋಡಿದರೆ ಗಾಂಧಿನಗರದಲ್ಲಿ ಮನೆ ಕೊಡ್ತೀನಿ ಅಂದು ಕೆಂಗೇರಿ ಆಚೆ ಕಾವೇರಿ ನೀರಿಲ್ಲದ ಲೇಔಟಿನಲ್ಲಿ ಸೈಟ್ ಕೊಟ್ಟ ಹಾಗೆ. ಒಬ್ಬ ಮನುಷ್ಯ ನಿಮಗೆ ಗೆಳೆತನ ಕೊಟ್ಟರೆ ಅದು ಮೋಸ ಹೇಗಾಗುತ್ತೆ? ಕನ್ನಡದಲ್ಲಿ ಎಂಥಾ ಒಳ್ಳೆ ಪದ ಇತ್ತು, 'ಕೆಳೆ'. ಹಳಗನ್ನಡದ ಆ ಕೆಳೆಯಿಂದಲೇ ಗೆಳೆಯ, ಗೆಳತಿ, ಗೆಳೆತನ ಎಲ್ಲಾ ಬಂದಿದ್ದು. ಈಗ 'ಗೆಳತಿ' ಅಂತ ಬರೆದರೆ ಪೇಪರ್ ಓದೋರು ಹುಬ್ಬು ಹಾರಿಸ್ತಾರೆ. ಗೆಳತಿ ಅಂದ್ರೆ ಗರ್ಲ್‌ಫ್ರೆಂಡ್ ಅಂತ ನಾವೇ ಅನುವಾದ ಮಾಡಿಕೊಂಡು, ಬರೀ ಸ್ನೇಹಕ್ಕೆ ಪದವೇ ಇಲ್ಲದ ಹಾಗೆ ಮಾಡಿಕೊಂಡಿದ್ದೀವಿ. ಪದ ಹೋದ ಮೇಲೆ ಜಾಗ ಹೋಗೋಕೆ ಎಷ್ಟು ಹೊತ್ತು?

ಈ ಜಾಗದ ಬಗ್ಗೆ ನಮ್ಮಲ್ಲಿ ಪ್ರಾಮಾಣಿಕವಾಗಿ ಮಾತಾಡಿದ ಸಿನಿಮಾ ಅಂದ್ರೆ 1984ರ 'ಬಂಧನ'. ಉಷಾ ನವರತ್ನರಾಂ ಅವರ ಕಾದಂಬರಿ, ರಾಜೇಂದ್ರ ಸಿಂಗ್ ಬಾಬು ನಿರ್ದೇಶನ. ಡಾಕ್ಟರ್ ಹರೀಶನಾಗಿ ವಿಷ್ಣುವರ್ಧನ್, ಡಾಕ್ಟರ್ ನಂದಿನಿಯಾಗಿ ಸುಹಾಸಿನಿ. ಒಂದೇ ಆಸ್ಪತ್ರೆಯಲ್ಲಿ ಕೆಲಸ, ಒಳ್ಳೆಯ ಒಡನಾಟ. ಹರೀಶ ಅದನ್ನ ಪ್ರೀತಿ ಅಂದುಕೊಂಡ. ಅವಳಿಗೆ ಅದು ಸ್ನೇಹ, ಮದುವೆ ಬೇರೆಯವನ ಜೊತೆ. ಇಲ್ಲಿ ಕಥೆ ಒಂದು ಸತ್ಯ ಹೇಳುತ್ತೆ. ನಂದಿನಿ ಯಾವ ಮೋಸವನ್ನೂ ಮಾಡಿಲ್ಲ, ಯಾವ ಆಸೆಯನ್ನೂ ಹುಟ್ಟಿಸಿಲ್ಲ. ಆದರೆ ಮುಂದೆ ಆಗೋದೇನು? ಗಂಡನಿಗೆ ಅನುಮಾನ. ಆ ಸ್ನೇಹವೇ ಅವಳ ಸಂಸಾರಕ್ಕೆ ಮುಳ್ಳು. ವಿಷ್ಣು ಅವರ ಅಭಿನಯ ಎಷ್ಟು ಘನವಾಗಿದೆ ಅಂದ್ರೆ ಇಡೀ ಕರ್ನಾಟಕ ಹರೀಶನಿಗೋಸ್ಕರ ಅತ್ತಿತು, ಸಾವಿಗೂ ಅತ್ತಿತು. ಅಳಲಿ, ಬೇಡ ಅನ್ನಲ್ಲ. ನನ್ನ ಪ್ರಶ್ನೆ, ಒಂದು ಹನಿಯಾದರೂ ನಂದಿನಿಗೆ ಮಿಗಿಸಿದ್ವಾ? ಅವಳು ಗೆಳೆಯನನ್ನೂ ಕಳಕೊಂಡಳು, ಗಂಡನ ನಂಬಿಕೆಯನ್ನೂ ಕಳಕೊಂಡಳು. ತಪ್ಪೇನು? ಸಹೋದ್ಯೋಗಿಯ ಜೊತೆ ನಗುನಗ್ತಾ ಮಾತಾಡಿದ್ದು.

ಇದೆಲ್ಲ ನಮ್ಮ ಸಂಸ್ಕೃತಿಯಲ್ಲಿ ಮೊದಲಿನಿಂದ ಹೀಗೇ, ಗಂಡು ಹೆಣ್ಣಿನ ಸ್ನೇಹ ಅನ್ನೋದು ಎಂಎನ್‌ಸಿ ಕಂಪನಿಗಳು ತಂದ ರೋಗ ಅನ್ನೋರಿಗೆ ಒಂದು ಸಾವಿರ ವರ್ಷ ಹಿಂದಕ್ಕೆ ಕರ್ಕೊಂಡು ಹೋಗ್ತೀನಿ ಬನ್ನಿ. 941ರ ಸುಮಾರಿಗೆ ಪಂಪ 'ವಿಕ್ರಮಾರ್ಜುನ ವಿಜಯ' ಬರೆದ. ಅದರಲ್ಲಿ ಕರ್ಣನನ್ನ ಪಾಂಡವರ ಕಡೆಗೆ ಸೆಳೆಯೋಕೆ ಕೃಷ್ಣ ಬರ್ತಾನೆ. ಕರ್ಣ ಒಲ್ಲೆ ಅಂತಾನೆ, ದುರ್ಯೋಧನನನ್ನ ಯಾಕೆ ಬಿಡಲಾರೆ ಅನ್ನೋದಕ್ಕೆ ಒಂದು ನೆನಪು ಹೇಳ್ತಾನೆ. ಭಾನುಮತಿ ಪಗಡೆ ಆಡಿ ಸೋತಿದ್ದಾಳೆ. ಸೋತದ್ದನ್ನ ಕೊಡು ಅಂತ ಕಾಡುವಾಗ ಮುತ್ತಿನ ಸರ ಹರಿದು ನೆಲದ ತುಂಬಾ ಚೆಲ್ಲಿದೆ. ದುರ್ಯೋಧನನ ಮನಸ್ಸಿನಲ್ಲಿ ಒಂದಿಷ್ಟೂ ಕಹಿ ಇಲ್ಲ, ಈ ಮುತ್ತುಗಳನ್ನ ಆಯ್ದುಕೊಡಲಾ ಅಂತ ಕೇಳ್ತಾನೆ. ಆಟ ಆಡ್ತಾ ಇದ್ದದ್ದು ಯಾರ ಜೊತೆ, ಸರ ಯಾವುದು ಅಂತ ನಮ್ಮ ವಿದ್ವಾಂಸರು ಈ ಒಂದು ಪದ್ಯದ ಮೇಲೆ ಪುಟಗಟ್ಟಲೆ ಜಗಳ ಆಡಿದ್ದಾರೆ, ಆಡಲಿ. ಜನಕ್ಕೆ ದಾಟಿ ಬಂದ ಕಥೆ ಇದು: ಹೆಂಡತಿ ಗೆಳೆಯನ ಜೊತೆ ಪಗಡೆ ಆಡ್ತಿದ್ದಳು, ಗಂಡ ಬಂದ, ಮುತ್ತು ಆಯ್ದ. ಮಹಾಭಾರತದ ಖಳನಾಯಕ ಅಂತ ನಾವು ಹಣೆಪಟ್ಟಿ ಹಚ್ಚಿದ ಮನುಷ್ಯ ಅಷ್ಟು ದೊಡ್ಡವನಾಗಿದ್ದ. ನಮ್ಮ ಸಿನಿಮಾದ ಹೀರೋಗಳಿಗೆ, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಆ ದುರ್ಯೋಧನನ ಅರ್ಧ ದೊಡ್ಡತನ ಬರಲಿ ಸಾಕು.

ಯಾಕಂದ್ರೆ ಇದು ಬರೀ ಸಿನಿಮಾ ವಿಷಯ ಅಲ್ಲ. ನಮ್ಮ ಪಶ್ಚಿಮ ಬೆಂಗಳೂರನ್ನೇ ತಗೊಳ್ಳಿ. 2021ರಲ್ಲಿ ಕೆಂಗೇರಿವರೆಗೆ ಮೆಟ್ರೋ ಬಂತು, 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 37 ಸ್ಟೇಷನ್, ಒಂದೇ ರೈಲು. ಅತ್ತಿಗುಪ್ಪೆಯಲ್ಲೋ ವಿಜಯನಗರದಲ್ಲೋ ಹತ್ತಿದ ಇಬ್ಬರು ಸಹೋದ್ಯೋಗಿಗಳು ದಿನಾ ಗಂಟೆಗಟ್ಟಲೆ ಒಟ್ಟಿಗೆ ನಿಂತು ಪ್ರಯಾಣ ಮಾಡ್ತಾರೆ. ಅಪ್ರೈಸಲ್, ಅಮ್ಮನ ಶುಗರ್, ಹೋಮ್ ಲೋನ್, ಬೆಂಚ್ ಮೇಲೆ ಕೂತ ಭಯ, ಎಲ್ಲಾ ಮಾತಾಡ್ತಾರೆ. ಅಷ್ಟು ಮಾತು ಈ ಊರಲ್ಲಿ ಎಷ್ಟೋ ಗಂಡ ಹೆಂಡತಿ ಮಧ್ಯೆಯೂ ಆಗಲ್ಲ. ಅದರಲ್ಲಿ ಒಬ್ಬ ಗಂಡು, ಒಬ್ಬಳು ಹೆಣ್ಣು ಆದರೆ ಸಾಕು, ಸ್ಟೇಷನ್ ಮೆಟ್ಟಿಲು ಇಳಿಯೋ ಹೊತ್ತಿಗೆ ಒಬ್ಬರು ಹತ್ತು ಹೆಜ್ಜೆ ಹಿಂದೆ ಉಳೀತಾರೆ. ಯಾಕೆ ಅಂದ್ರೆ ಕೆಳಗೆ ತರಕಾರಿ ಗಾಡಿ ಹತ್ತಿರ ಎದುರುಮನೆ ಆಂಟಿ ಇರ್ತಾರೆ.

ನನ್ನ ಪರಿಚಯದ ಹುಡುಗಿಯೊಬ್ಬಳಿಗೆ ಮದುವೆ ಗೊತ್ತಾಯ್ತು. ಪಿಯುಸಿಯಿಂದ ಜೊತೆಗಿದ್ದ ಗೆಳೆಯ, ಅವಳಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಕಾವಲು ಕೂತವನು. ಈಗ ಅವನ ನಂಬರ್ ಅವಳ ಫೋನಿನಲ್ಲಿ 'ಗ್ಯಾಸ್ ಏಜೆನ್ಸಿ' ಅಂತ ಸೇವ್ ಆಗಿದೆ. ಮದುವೆಗೆ ಅವನನ್ನ ಕರೆದಳು, 'ಅಣ್ಣ ಇದ್ದ ಹಾಗೆ' ಅಂತ ಅತ್ತೆಗೆ ಪರಿಚಯ ಮಾಡಿಕೊಟ್ಟಳು. ಅವನು ಅಣ್ಣನೂ ಅಲ್ಲ, ಪ್ರಿಯಕರನೂ ಅಲ್ಲ, ಗೆಳೆಯ. ಆದರೆ ಆ ಮೂರನೆಯ ಖಾನೆ ನಮ್ಮ ಅರ್ಜಿ ಫಾರಂನಲ್ಲೇ ಇಲ್ಲ. ರಾಖಿ ಕಟ್ಟು, ಇಲ್ಲಾ ತಾಳಿ ಕಟ್ಟಿಸ್ಕೋ. ಈ ಫಾರಂ ಪ್ರಿಂಟ್ ಮಾಡಿದ್ದು ಬರೀ ಸಿನಿಮಾ ಅಲ್ಲ ಅಂತ ಗೊತ್ತು. ಅದಕ್ಕೆ ಕಲರ್ ಹಾಕಿ, ಹಾಡು ಕೊಟ್ಟು ಹಂಚಿದ್ದು ಮಾತ್ರ ಸಿನಿಮಾ.

ಇನ್ನೂ ಕಹಿಯಾದ ಮಾತು ಒಂದಿದೆ, ಅದನ್ನ ಹೇಳದೆ ಮುಂದೆ ಹೋಗೋಕಾಗಲ್ಲ. 2022ರ ಏಪ್ರಿಲ್‌ನಲ್ಲಿ, ಮಾಗಡಿ ರೋಡಿನ ಸುಂಕದಕಟ್ಟೆಯಲ್ಲಿ, ಕೆಲಸಕ್ಕೆ ಬಂದ ಯುವತಿಯ ಮೇಲೆ ಒಬ್ಬ ಆಸಿಡ್ ಎರಚಿದ. ಅವಳು ಅವನನ್ನ ಬೇಡ ಅಂದಿದ್ದಳು. ಅಷ್ಟೇ ಅವಳ ಅಪರಾಧ. ಓಡಿಹೋದವನು ತಿರುವಣ್ಣಾಮಲೈನಲ್ಲಿ ಸ್ವಾಮೀಜಿ ವೇಷದಲ್ಲಿ ಸಿಕ್ಕಿಬಿದ್ದ. ಸಿನಿಮಾ ನೋಡಿ ಆಸಿಡ್ ಹಾಕಿದ ಅಂತ ನಾನು ಹೇಳ್ತಿಲ್ಲ, ಅಂಥಾ ಸುಲಭದ ಲೆಕ್ಕ ಯಾವ ಅಪರಾಧಕ್ಕೂ ಇಲ್ಲ. ತ್ಯಾಗ ಮಾಡೋ ಹೀರೋನೂ ಆಸಿಡ್ ಹಾಕೋ ಪಾಪಿಯೂ ಒಂದೇ ಅಂತಲೂ ಹೇಳ್ತಿಲ್ಲ. ಒಬ್ಬ ತನ್ನನ್ನ ಸುಟ್ಟುಕೊಳ್ತಾನೆ, ಇನ್ನೊಬ್ಬ ಅವಳನ್ನ ಸುಡ್ತಾನೆ. ಆಕಾಶ ಭೂಮಿಯ ಅಂತರ. ಆದರೆ ಇಬ್ಬರ ತಲೆಯಲ್ಲೂ ಒಂದು ನಂಬಿಕೆ ಸಮಾನ: ಅವಳು ಯಾರಿಗೆ ಸೇರಬೇಕು ಅನ್ನೋದು ನನ್ನ ಕೈಯಲ್ಲಿದೆ. ಕೊಡುವವನಿಗೂ ಕಿತ್ತುಕೊಳ್ಳುವವನಿಗೂ ಮೊದಲು 'ಅವಳು ನನ್ನದು' ಅನ್ನೋ ಭ್ರಮೆ ಬೇಕು. ಆ ಭ್ರಮೆಗೆ ನಾವು ಚಪ್ಪಾಳೆ ಹೊಡೆದು ಹೊಡೆದು ನೀರೆರೆದಿದ್ದೀವಿ. 1993ರ 'ಡರ್' ಕನ್ನಡಕ್ಕೆ 2000ದಲ್ಲಿ 'ಪ್ರೀತ್ಸೆ' ಆಗಿ ಬಂದಾಗ ಬೆನ್ನುಬಿದ್ದು ಪೀಡಿಸೋ ಉಪೇಂದ್ರ ಪಾತ್ರಕ್ಕೆ ಬಿದ್ದ ಶಿಳ್ಳೆ ನೆನಪಿದೆಯಲ್ಲ? ಬೇಡ ಅಂದರೆ ಬೇಡ ಅನ್ನೋದು ನಮ್ಮ ಕಿವಿಗೆ ಪೂರ್ಣವಿರಾಮದ ಹಾಗೆ ಕೇಳಿಸೋದೇ ಇಲ್ಲ. ಇಂಟರ್ವಲ್ ಥರ ಕೇಳಿಸುತ್ತೆ.

'ಸಿನಿಮಾನ ಸಿನಿಮಾ ಥರ ನೋಡು ಗುರು' ಅನ್ನೋರು ಇದ್ದಾರೆ. ಸರಿ. ಆದರೆ ನೀವು ಹಾಗೆ ನೋಡ್ತೀರಾ? ಬ್ರೇಕಪ್ ಆದ ದಿನ ಯಾವ ಹಾಡು ಹಾಕ್ಕೊಳ್ತೀರಾ? ಪ್ರಪೋಸ್ ಮಾಡೋಕೆ ಯಾವ ಸೀನ್ ನೆನಪಾಗುತ್ತೆ? ನಮಗೆ ಪ್ರೀತಿಸೋದು ಹೇಗೆ ಅಂತ ಅಪ್ಪ ಅಮ್ಮ ಹೇಳಿಕೊಡಲಿಲ್ಲ, ಸ್ಕೂಲಲ್ಲಿ ಪಾಠ ಇರಲಿಲ್ಲ. ನವರಂಗ್, ವೀರೇಶ್, ಪ್ರಸನ್ನ ಥಿಯೇಟರುಗಳೇ ನಮ್ಮ ಟ್ಯೂಷನ್ ಸೆಂಟರು. ಟ್ಯೂಷನ್ನಿನಲ್ಲಿ ತಪ್ಪು ಪಾಠ ಹೇಳಿಕೊಟ್ಟರೆ ಪೋಷಕರು ಸುಮ್ಮನಿರ್ತಾರಾ?

ಇನ್ನೊಂದು ವಾದ ಇದೆ. 'ತ್ಯಾಗ ನಮ್ಮ ಮಣ್ಣಿನ ಗುಣ.' ಹೌದು. ಅದೇ ಮಣ್ಣಿನಲ್ಲಿ ದ್ರೌಪದಿಯೂ ಇದ್ದಳು. ಪಣಕ್ಕಿಟ್ಟು ಸೋತಾಗ, ಧರ್ಮರಾಯ ತನ್ನನ್ನ ಮೊದಲು ಸೋತನೋ ನನ್ನನ್ನ ಮೊದಲು ಸೋತನೋ ಅಂತ ಕೇಳಿದಳು. ತನ್ನನ್ನೇ ಸೋತವನಿಗೆ ನನ್ನನ್ನ ಒಡ್ಡೋ ಹಕ್ಕೆಲ್ಲಿದೆ ಅಂತ. ತುಂಬಿದ ಸಭೆಯಲ್ಲಿ ಭೀಷ್ಮನಿಗೂ ನೆಟ್ಟಗೆ ಉತ್ತರ ಹೊಳೀಲಿಲ್ಲ. ಜೂಜಿನಲ್ಲಿ ಸೋಲೋದೂ, ಗೆಳೆಯನಿಗೆ ಕೊಡೋದೂ ಎರಡಕ್ಕೂ ಆ ಪ್ರಶ್ನೆ ಒಂದೇ: ಹಕ್ಕು ಎಲ್ಲಿಂದ ಬಂತು? ಬಯಲಾಟ, ಯಕ್ಷಗಾನಗಳಲ್ಲಿ ಆ ಪ್ರಶ್ನೆಯನ್ನ ನಮ್ಮ ಅಜ್ಜಂದಿರು ರಾತ್ರಿಯಿಡೀ ಕೂತು ಕೇಳಿಸಿಕೊಂಡರು. ನಾವು ಎಸಿ ಹಾಲಿನಲ್ಲಿ ಪಾಪ್‌ಕಾರ್ನ್ ಹಿಡಿದು ಅದನ್ನ ಮರೆತ್ವಿ.

ಹಾಗಂತ ಎಲ್ಲಾ ಕತ್ತಲೆ ಅಲ್ಲ. 2020ರ ಮೊದಲ ಎರಡು ತಿಂಗಳಲ್ಲೇ ಕನ್ನಡದಲ್ಲಿ ಎರಡು ಸಿನಿಮಾ ಬಂದವು. 'ಲವ್ ಮಾಕ್‌ಟೇಲ್'ನಲ್ಲಿ ಆದಿ, ನಿಧಿ ಮೊದಲು ಗೆಳೆಯರು, ಒಬ್ಬರ ಕಾಲು ಒಬ್ಬರು ಎಳೆದುಕೊಂಡು, ಬೈದುಕೊಂಡು, ಆಮೇಲೆ ಪ್ರೀತಿ. ಗೆಳೆತನ ಅಲ್ಲಿ ಪ್ರೀತಿಗೆ ಸೋಲೋ ಪರೀಕ್ಷೆ ಅಲ್ಲ, ಪ್ರೀತಿಯ ಅಡಿಪಾಯ. (ಅಲ್ಲೂ ಕ್ಯಾನ್ಸರ್ ಬಂತು, ಆ ರಿಪೋರ್ಟ್ ಇಲ್ಲದೆ ನಮಗೆ ಕ್ಲೈಮ್ಯಾಕ್ಸ್ ಆಗಲ್ಲ, ಬಿಡಿ.) 'ದಿಯಾ' ಇನ್ನೂ ಒಂದು ಹೆಜ್ಜೆ ಮುಂದೆ. ಇಬ್ಬರು ಹುಡುಗರು, ಒಬ್ಬಳು ಹುಡುಗಿ, ಅದೇ ಹಳೇ ಲೆಕ್ಕ. ಆದರೆ ಕ್ಯಾಮೆರಾ ನಿಂತಿರೋದು ದಿಯಾಳ ಕಡೆ, ಸಿನಿಮಾಕ್ಕೆ ಹೆಸರೂ ಅವಳದೇ. ಅವಳ ಅಂಜಿಕೆ, ಅವಳ ಮೌನ, ಅವಳ ಆಸೆ. ಥಿಯೇಟರಿನಲ್ಲಿ ಸರಿಯಾಗಿ ಓಡೋ ಮುಂಚೆ ಲಾಕ್‌ಡೌನ್ ಬಂತು, ಜನ ಮನೆಯಲ್ಲಿ ಕೂತು ಮೊಬೈಲಿನಲ್ಲಿ ನೋಡಿ ಒಬ್ಬರಿಗೊಬ್ಬರು ಹೇಳಿ ಗೆಲ್ಲಿಸಿದರು. ಬಿಟ್ಟುಕೊಡೋ ಚಟ ಅಲ್ಲೂ ಪೂರ್ತಿ ಹೋಗಿಲ್ಲ. ಆದರೂ ಹುಡುಗಿಯ ಮನಸ್ಸನ್ನ ನಡುಮನೆಯಲ್ಲಿ ಕೂರಿಸಿದರೆ ನೋಡೋರು ಇದ್ದಾರೆ ಅಂತ ಸಾಬೀತಾಯ್ತು. ಅದೇ 'ದಿಯಾ' ಆಮೇಲೆ ಹಿಂದಿಗೂ ಹೋಯ್ತು. ಐವತ್ತು ವರ್ಷ ತ್ಯಾಗ ಆಮದು ಮಾಡಿಕೊಂಡವರು ಒಂದು ಸಲವಾದರೂ ಬೇರೆ ಸರಕು ರಫ್ತು ಮಾಡಿದ್ವಲ್ಲ, ಖುಷಿ.

ಬರೆಯೋರಿಗೆ ನನ್ನ ಕೋರಿಕೆ ಇಷ್ಟೇ. ಗೆಳೆತನವನ್ನ ಪರೀಕ್ಷಿಸಿ, ಖಂಡಿತ ಪರೀಕ್ಷಿಸಿ, ಅದಕ್ಕಿಂತ ಒಳ್ಳೆಯ ಕಥಾವಸ್ತು ಇಲ್ಲ. ಒಬ್ಬನಿಗೆ ಬೇಕು, ಇನ್ನೊಬ್ಬಳಿಗೆ ಬೇಡ, ಇಬ್ಬರೂ ಒಳ್ಳೆಯವರು, ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಒಂದೇ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಎದುರುಬದುರು ನಿಲ್ಲಬೇಕು. ನೋವು ಇದೆ, ಮುಜುಗರ ಇದೆ, ಆದರೂ ಗೆಳೆತನ ಉಳಿಸಿಕೊಳ್ಳಬೇಕು. ಇದಕ್ಕಿಂತ ದೊಡ್ಡ ಡ್ರಾಮಾ ಯಾವುದಿದೆ? ನಮ್ಮಲ್ಲಿ ಎಷ್ಟೋ ಜನ ಇದನ್ನ ನಿಜಕ್ಕೂ ಬದುಕಿದ್ದಾರೆ, ಕೈಗೆ ವಿಷದ ಬಾಟಲಿ ಎತ್ತಿಕೊಳ್ಳದೆ, ಮೊಲ ಸಾಯಿಸದೆ, ಯಾರನ್ನೂ ಯಾರಿಗೂ ಕೊಡದೆ. ಆರು ತಿಂಗಳು ಮಾತು ಬಿಟ್ಟು, ಆಮೇಲೆ ಒಂದು ದಿನ ಯಾವುದೋ ಮೀಮ್ ಕಳಿಸಿ, ಆ ಕಡೆಯಿಂದ ಒಂದು ಸ್ಮೈಲಿ ಬಂದು, ಮತ್ತೆ ಶುರುವಾದ ಎಷ್ಟು ಗೆಳೆತನಗಳಿಲ್ಲ? ಆ ಆರು ತಿಂಗಳ ಮೇಲೆ ಒಂದು ಸಿನಿಮಾ ಮಾಡಿ. ಟಿಕೆಟ್ಟು ನಾನು ತಗೋತೀನಿ, ಬಾಲ್ಕನಿದೇ.

ನೋಡೋರಿಗೂ ಒಂದು ಮಾತು. ಮುಂದಿನ ಸಲ ತೆರೆ ಮೇಲೆ ಹೀರೋ ಕಣ್ಣೊರೆಸಿಕೊಂಡು 'ಅವಳು ನಿನ್ನವಳು ಕಣೋ' ಅಂದಾಗ ಶಿಳ್ಳೆ ಹೊಡೆಯೋಕೆ ಬೆರಳು ಬಾಯಿಗೆ ಹೋದರೆ, ಒಂದು ಕ್ಷಣ ತಡೆದು ಪಕ್ಕದ ಸೀಟಿನಲ್ಲಿರೋ ನಿಮ್ಮ ತಂಗಿಯನ್ನ, ಹೆಂಡತಿಯನ್ನ, ಗೆಳತಿಯನ್ನ ನೋಡಿ. ಹೌದು, ಗೆಳತಿ, ಹಳೇ ಕನ್ನಡದ ಅರ್ಥದಲ್ಲಿ. 'ಏನಮ್ಮಾ, ನೀನಾಗಿದ್ರೆ ಏನು ಮಾಡ್ತಿದ್ದೆ?' ಅಂತ ಕೇಳಿ. ಸಿನಿಮಾದೋರು ಅರವತ್ತು ವರ್ಷದಿಂದ ಕೇಳೋಕೆ ಮರೆತಿರೋ ಪ್ರಶ್ನೆ ಅದೊಂದೇ. ಕೇಳಿದ ಮೇಲೆ ಅವಳ ಉತ್ತರ ಮುಗಿಯೋವರೆಗೂ ಸುಮ್ಮನಿರಿ.